ಸರಪಳಿ ಕಂಡ ಹುಡುಗ, ಕಾನೂನು ಬರೆದ ಮಂತ್ರಿ: ರೊಮೇನಿಯಾದ ಮಿಹಾಯಿಲ್ ಕೊಗಲ್ನಿಚಾನು

1891ರ ಏಪ್ರಿಲ್ 1. ಬುಕಾರೆಸ್ಟ್‌ನಲ್ಲಿ ರೊಮೇನಿಯಾ ಅಕಾಡೆಮಿಗೆ 25 ವರ್ಷ ತುಂಬಿದ ಸಮಾರಂಭ. ಮಾತಾಡಲು ಎದ್ದವರಿಗೆ 73 ವರ್ಷ. ಪ್ರಧಾನಿಯಾಗಿದ್ದವರು, ಗೃಹಮಂತ್ರಿಯಾಗಿದ್ದವರು, ದೇಶದ ಸ್ವಾತಂತ್ರ್ಯವನ್ನು ಸಂಸತ್ತಿನಲ್ಲಿ ಸಾರಿದವರು. ಅಂಥವರು ಆ ದಿನ ಹೇಳಿದ್ದು ತಮ್ಮ ಎಳವೆಯಲ್ಲಿ ಯಾಶ್ ಊರಿನ ಬೀದಿಗಳಲ್ಲಿ ಕಂಡದ್ದನ್ನು. ಕೈಕಾಲಿಗೆ ಸರಪಳಿ ಬಿಗಿದ ಮನುಷ್ಯರು. ಹಣೆಗೆ ಕಬ್ಬಿಣದ ಪಟ್ಟಿ, ಕುತ್ತಿಗೆಗೆ ಕಬ್ಬಿಣದ ಬಳೆ, ಒಬ್ಬರ ಬಳೆಗೆ ಇನ್ನೊಬ್ಬರದು ಜೋಡಣೆ. ಹೊಡೆತ, ಉಪವಾಸ, ಹೊಗೆ ಹಾಕಿ ಉಸಿರುಗಟ್ಟಿಸುವ ಶಿಕ್ಷೆ, ಬಟ್ಟೆ ಬಿಚ್ಚಿಸಿ ಹಿಮದಲ್ಲಿ ನಿಲ್ಲಿಸುವ ಶಿಕ್ಷೆ.

ಇದು ಅಮೆರಿಕದ ಹತ್ತಿ ತೋಟಗಳ ಮಾತಲ್ಲ. ಯುರೋಪಿನ ನಡುವೆ, 19ನೇ ಶತಮಾನದ ನಡುಭಾಗದವರೆಗೂ ನಡೆದದ್ದು. ಆ ಗುಲಾಮರು ರೋಮಾ ಜನ, ಹೊರಗಿನವರು ಜಿಪ್ಸಿಗಳೆಂದು ಕರೆದವರು. ಮಾತಾಡುತ್ತಿದ್ದವರು ಮಿಹಾಯಿಲ್ ಕೊಗಲ್ನಿಚಾನು.

ಕೊಗಲ್ನಿಚಾನು ಅವರನ್ನು ಅರ್ಥಮಾಡಿಕೊಳ್ಳಲು ಒಂದು ದಾರಿಯಿದೆ. ಅವರು ಯಾವ ಸಂಗತಿಗೆ ಕೈ ಹಾಕಿದರೂ ಮೊದಲು ಅದರ ಬಗ್ಗೆ ಬರೆದರು. ವರ್ಷಗಳ ಮೇಲೆ ಅಧಿಕಾರ ಸಿಕ್ಕಾಗ ಬರೆದದ್ದನ್ನೇ ಕಾನೂನಾಗಿಸಿದರು. ಗುಲಾಮಗಿರಿಯಿರಲಿ, ರೈತರ ಬಿಟ್ಟಿ ಚಾಕರಿಯಿರಲಿ, ಎರಡು ಸಂಸ್ಥಾನಗಳ ಒಕ್ಕೂಟವಿರಲಿ, ಕ್ರಮ ಹೆಚ್ಚು ಕಡಿಮೆ ಇದೇ. ಬರವಣಿಗೆ ಅವರಿಗೆ ರಾಜಕೀಯದ ಬಿಡುವಿನ ಹವ್ಯಾಸವಾಗಿರಲಿಲ್ಲ.

ಮೊದಲು ಆ ಕಾಲದ ನಕ್ಷೆ. ಕೊಗಲ್ನಿಚಾನು ಹುಟ್ಟಿದ 1817ರಲ್ಲಿ ರೊಮೇನಿಯಾ ಎಂಬ ದೇಶವೇ ಇರಲಿಲ್ಲ. ರೊಮೇನಿಯನ್ ಮಾತಾಡುವ ಜನರ ಎರಡು ಸಂಸ್ಥಾನಗಳಿದ್ದವು: ಉತ್ತರದಲ್ಲಿ ಮೊಲ್ದಾವಿಯಾ, ಅದರ ರಾಜಧಾನಿ ಯಾಶ್, ದಕ್ಷಿಣದಲ್ಲಿ ವಲಾಕಿಯಾ, ರಾಜಧಾನಿ ಬುಕಾರೆಸ್ಟ್. ಎರಡೂ ಆಟೊಮನ್ ಸುಲ್ತಾನನಿಗೆ ಕಪ್ಪ ಕೊಡುತ್ತಿದ್ದವು. ಉತ್ತರದಿಂದ ರಷ್ಯಾ ಒತ್ತುತ್ತಿತ್ತು, ಪಶ್ಚಿಮದಿಂದ ಆಸ್ಟ್ರಿಯಾ ಕಣ್ಣಿಟ್ಟಿತ್ತು. ಒಳಗೆ ಭೂಮಿಯೆಲ್ಲ ಬೊಯಾರರೆಂಬ ಜಮೀನುದಾರರ ಕೈಯಲ್ಲಿ, ಮಠಗಳ ಕೈಯಲ್ಲಿ. ಕೊಗಲ್ನಿಚಾನು ಹುಟ್ಟಿದ್ದು ಅಂಥದೇ ಒಂದು ಬೊಯಾರ್ ಮನೆಯಲ್ಲಿ. ಗುಲಾಮಗಿರಿಯನ್ನು ಅವರು ದೂರದಿಂದ ನೋಡಿದವರಲ್ಲ, ಅದರಿಂದ ಬದುಕುತ್ತಿದ್ದ ವರ್ಗದ ಒಳಗಿನಿಂದ ನೋಡಿದವರು.

ರೋಮಾ ಗುಲಾಮರ ಉಲ್ಲೇಖವಿರುವ ಅತ್ಯಂತ ಹಳೆಯ ವಲಾಕಿಯಾ ದಾಖಲೆ 1385ರದು. ಒಂದು ಮಠಕ್ಕೆ ಕೊಟ್ಟ ದಾನದ ಪಟ್ಟಿಯಲ್ಲಿ ಕುಟುಂಬಗಳನ್ನೂ ಸೇರಿಸಿದ್ದಾರೆ. ಅಲ್ಲಿಂದ ಮುಂದೆ ಐದು ಶತಮಾನಗಳಷ್ಟು ಕಾಲ ಗುಲಾಮರಲ್ಲಿ ಮೂರು ಬಗೆ: ದೊರೆಯ ಗುಲಾಮರು, ಮಠದ ಗುಲಾಮರು, ಬೊಯಾರರ ಗುಲಾಮರು. ಕಮ್ಮಾರರು, ಮರದ ಚಮಚ ಕೆತ್ತುವವರು, ವಾದ್ಯ ನುಡಿಸುವವರು, ಅಡುಗೆಯವರು, ಹೊಲದ ಆಳುಗಳು ಎಲ್ಲ ಅವರಲ್ಲಿದ್ದರು. ಮಾರಬಹುದು, ವರದಕ್ಷಿಣೆಯಾಗಿ ಕೊಡಬಹುದು, ತಾಯಿಯನ್ನೂ ಮಗುವನ್ನೂ ಬೇರೆ ಮಾಡಬಹುದು. ಬಿಡುಗಡೆಯ ಹೊತ್ತಿಗೆ ಎರಡೂ ಸಂಸ್ಥಾನಗಳಲ್ಲಿ ಸೇರಿ ಇವರ ಸಂಖ್ಯೆ ಸುಮಾರು ಎರಡೂವರೆ ಲಕ್ಷ.

ಕೊಗಲ್ನಿಚಾನು 1834ರಲ್ಲಿ ಓದಲು ಫ್ರಾನ್ಸ್‌ನ ಲ್ಯುನೆವಿಲ್‌ಗೆ ಹೋದರು. ಫ್ರಾನ್ಸಿನ ಗಾಳಿ ಹುಡುಗರ ತಲೆ ಕೆಡಿಸೀತು ಎಂದು ರಷ್ಯಾ ಆಕ್ಷೇಪಿಸಿದ ಮೇಲೆ, ಮರುವರ್ಷವೇ ಬರ್ಲಿನ್‌ಗೆ ಕಳಿಸಿದರು. ಆ ಎಚ್ಚರಿಕೆ ಫಲಿಸಲಿಲ್ಲ. ಬರ್ಲಿನ್‌ನಲ್ಲಿ ಅವರಿಗೆ ಸಿಕ್ಕ ಗುರು ಲಿಯೊಪೋಲ್ಡ್ ಫೊನ್ ರಾಂಕೆ. ಇತಿಹಾಸವನ್ನು ಕಟ್ಟುಕತೆಗಳಿಂದಲ್ಲ, ಮೂಲ ದಾಖಲೆಗಳಿಂದ ಬರೆಯಬೇಕೆಂದು ಒಂದು ತಲೆಮಾರಿಗೇ ಕಲಿಸಿದವರು. ಈ ಪಾಠ ಕೊಗಲ್ನಿಚಾನು ಅವರನ್ನು ಜೀವನವಿಡೀ ಬಿಡಲಿಲ್ಲ.

1837ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಬರ್ಲಿನ್‌ನಿಂದಲೇ ಫ್ರೆಂಚಿನಲ್ಲಿ ಎರಡು ಪುಸ್ತಕ ತಂದರು. ಒಂದು ವಲಾಕಿಯಾ, ಮೊಲ್ದಾವಿಯಾಗಳ ಇತಿಹಾಸ. ಇನ್ನೊಂದು ರೋಮಾ ಜನರ ಇತಿಹಾಸ, ರೀತಿನೀತಿ ಮತ್ತು ಭಾಷೆಯನ್ನು ಕುರಿತ ಚಿಕ್ಕ ಪುಸ್ತಕ. ಈ ಚಿಕ್ಕ ಪುಸ್ತಕದ ಬಗ್ಗೆ ನಾವು ಸ್ವಲ್ಪ ನಿಂತು ಯೋಚಿಸಬೇಕು. ರೋಮಾ ಭಾಷೆಯ ಬೇರು ಭಾರತದಲ್ಲಿದೆ ಎಂಬುದು ಯುರೋಪಿನ ವಿದ್ವಾಂಸರಿಗೆ ಆಗಲೇ ತಿಳಿದಿತ್ತು. ರೋಮಾ ಜನ ಎಣಿಸುವುದನ್ನು ಕೇಳಿ: ಯೇಕ್, ದುಯಿ, ತ್ರಿನ್, ಶ್ತಾರ್, ಪಂಜ್. ನೀರಿಗೆ ಪಾನಿ, ಮೂಗಿಗೆ ನಾಕ್. ಹಿಂದಿ ಬಲ್ಲವರಿಗೆ ವಿವರಿಸಬೇಕಾದ್ದೇ ಇಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟ ಜನ ಡ್ಯಾನ್ಯೂಬ್ ನದಿಯ ದಡದಲ್ಲಿ ಗುಲಾಮರಾಗಿ ನಿಂತಿದ್ದರು. ಭಾರತದ ಚರಿತ್ರೆಯ ಈ ತುಣುಕನ್ನು ನಾವು ಶಾಲೆಯಲ್ಲಿ ಓದುವುದೇ ಇಲ್ಲ.

ಆ ಪುಸ್ತಕದಲ್ಲಿ ಕೊಗಲ್ನಿಚಾನು ಯುರೋಪಿನ ಸಜ್ಜನರಿಗೆ ನೇರವಾಗಿ ಒಂದು ಮಾತು ಹೇಳುತ್ತಾರೆ. ನೀವು ಅಮೆರಿಕದ ಗುಲಾಮರ ಬಿಡುಗಡೆಗೆ ಸಂಘ ಕಟ್ಟುತ್ತೀರಿ, ನಿಮ್ಮ ಖಂಡದಲ್ಲೇ ಲಕ್ಷಾಂತರ ಜನ ಗುಲಾಮರಾಗಿರುವುದು ಕಾಣುವುದಿಲ್ಲವೇ ಎಂದು.

1838ರಲ್ಲಿ ಊರಿಗೆ ಮರಳಿದವರು ಕೈ ಕಟ್ಟಿ ಕೂರಲಿಲ್ಲ. 1840ರಲ್ಲಿ ‘ದಾಚಿಯಾ ಲಿತೆರಾರ’ ಎಂಬ ಸಾಹಿತ್ಯ ಪತ್ರಿಕೆ ಶುರುವಾಯಿತು. ಅದರ ಮೊದಲ ಸಂಚಿಕೆಯ ಮುನ್ನುಡಿಯ ಒಂದು ವಾಕ್ಯವನ್ನು ರೊಮೇನಿಯಾದ ಶಾಲಾಮಕ್ಕಳು ಇಂದಿಗೂ ಬಾಯಿಪಾಠ ಹೇಳುತ್ತಾರೆ: ಅನುವಾದಗಳಿಂದ ಸಾಹಿತ್ಯವಾಗುವುದಿಲ್ಲ. ಆಗ ಅಲ್ಲಿ ಅಚ್ಚಾಗುತ್ತಿದ್ದದ್ದರಲ್ಲಿ ಬಹುಪಾಲು ಫ್ರೆಂಚ್ ಪುಸ್ತಕಗಳ ಅನುವಾದ, ಅದೂ ಸಾಧಾರಣ ಪುಸ್ತಕಗಳದು. ನಮ್ಮ ಚರಿತ್ರೆಯಲ್ಲಿ ಸಾಹಸಗಳಿಗೆ ಕೊರತೆಯಿಲ್ಲ, ನಮ್ಮ ನಾಡು ಚೆಲುವಾಗಿದೆ, ನಮ್ಮ ಆಚಾರಗಳಲ್ಲಿ ಕಾವ್ಯವಿದೆ, ಬರೆಯಲು ಬೇರೆಯವರಿಂದ ಕಡ ತರಬೇಕಿಲ್ಲ ಎಂದರು ಕೊಗಲ್ನಿಚಾನು. ಮಾತಿಗೆ ಸಾಕ್ಷಿಯಾಗಿ ಅದೇ ಸಂಚಿಕೆಯಲ್ಲಿ ಕೊಸ್ತಾಕೆ ನೆಗ್ರುತ್ಸಿ ಅವರ ಐತಿಹಾಸಿಕ ನೀಳ್ಗತೆಯೊಂದು ಬಂತು. ರೊಮೇನಿಯನ್ ಗದ್ಯದಲ್ಲಿ ಅದಕ್ಕೆ ಇಂದಿಗೂ ಮೇಲಿನ ಸ್ಥಾನ. ಮೂರೇ ಸಂಚಿಕೆಗಳ ಬಳಿಕ ದೊರೆ ಮಿಹಾಯಿಲ್ ಸ್ತುರ್ಜಾ ಪತ್ರಿಕೆಯನ್ನು ಮುಚ್ಚಿಸಿದರು. ಅದರ ಹೆಸರಿನಲ್ಲಿದ್ದ ‘ದಾಚಿಯಾ’ ರೊಮೇನಿಯನ್ನರು ಎಲ್ಲೆಲ್ಲಿ ಬದುಕುತ್ತಾರೋ ಆ ನೆಲಕ್ಕೆಲ್ಲ ಸೇರಿದ ಪುರಾತನ ಹೆಸರು. ಸಂಸ್ಥಾನದ ಗಡಿ ದಾಟಿದ ಕನಸು ಆ ಒಂದು ಪದದಲ್ಲೇ ಇತ್ತು.

ಅದೇ ನೆಗ್ರುತ್ಸಿ ಮತ್ತು ಕವಿ ವಾಸಿಲೆ ಅಲೆಕ್ಸಾಂದ್ರಿ ಜೊತೆ ಯಾಶ್‌ನ ರಾಷ್ಟ್ರೀಯ ರಂಗಮಂದಿರವನ್ನೂ ನಡೆಸಿದರು. 1841ರಲ್ಲಿ ಇವರೂ ನೆಗ್ರುತ್ಸಿಯೂ ಸೇರಿ 200 ಅಡುಗೆಗಳ ಪುಸ್ತಕ ಪ್ರಕಟಿಸಿದರು. ರೊಮೇನಿಯನ್ ಭಾಷೆಯಲ್ಲಿ ಅಚ್ಚಾದ ಮೊಟ್ಟಮೊದಲ ಅಡುಗೆ ಪುಸ್ತಕಗಳಲ್ಲಿ ಅದೂ ಒಂದು. ಇದನ್ನು ತಮಾಷೆಯ ಸಂಗತಿಯೆಂದು ದಾಟಿಬಿಡುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಒಂದು ಭಾಷೆಯಲ್ಲಿ ಕಾವ್ಯ ಬರೆದರೆ ಸಾಲದು, ಅದರಲ್ಲಿ ಸಾರು ಕುದಿಸುವುದನ್ನೂ ಹೇಳಿಕೊಡಲು ಬರಬೇಕು.

1843ರ ನವೆಂಬರ್‌ನಲ್ಲಿ ಯಾಶ್‌ನ ಅಕಾಡೆಮಿಯಾ ಮಿಹಾಯಿಲಿಯಾನಾದಲ್ಲಿ ರಾಷ್ಟ್ರೀಯ ಇತಿಹಾಸದ ಪಾಠ ಆರಂಭಿಸಿದರು. ಮೊದಲ ಉಪನ್ಯಾಸದಲ್ಲೇ ಹೇಳಿದರು: ನನಗೆ ಗ್ರೀಕರ ಥರ್ಮಾಪಿಲೆ ಕಾಳಗಕ್ಕಿಂತ ನಮ್ಮ ರಜ್ಬೊಯೆನಿಯ ಕಾಳಗ ದೊಡ್ಡದು. 1476ರಲ್ಲಿ ಮೊಲ್ದಾವಿಯಾದ ಸ್ತೆಫಾನ್ ದೊರೆ ಆಟೊಮನ್ನರೆದುರು ಸೋತ ಕಾಳಗ ಅದು. ರೊಮೇನಿಯನ್ ಮಾತಾಡುವ ನೆಲವೆಲ್ಲ ನನ್ನ ದೇಶ ಎಂದೂ ಹೇಳಿದರು. ಪಾಠ ಬಹಳ ದಿನ ನಡೆಯಲಿಲ್ಲ. 1844ರಲ್ಲಿ ಸ್ತುರ್ಜಾ ಅವರನ್ನು ರಿಷ್ಕಾ ಮಠದಲ್ಲಿ ಬಂಧನದಲ್ಲಿಟ್ಟರು. ಆದರೆ ಮಠದ ಗುಲಾಮರನ್ನು ಬಿಡುಗಡೆ ಮಾಡುವ ಕಾನೂನು ತಂದವರೂ ಇದೇ ಸ್ತುರ್ಜಾ, ಅದೇ 1844ರಲ್ಲಿ. ಆ ಕಾಲದ ದೊರೆಗಳನ್ನು ಒಂದೇ ಬಣ್ಣದಲ್ಲಿ ಬಳಿಯಲು ಆಗುವುದಿಲ್ಲ.

1848ರಲ್ಲಿ ಯುರೋಪಿನ ತುಂಬ ಕ್ರಾಂತಿ ಎದ್ದಾಗ ಕೊಗಲ್ನಿಚಾನು ಆಸ್ಟ್ರಿಯಾದ ವಶದಲ್ಲಿದ್ದ ಚೆರ್ನೌತ್ಸ್‌ಗೆ ಓಡಿಹೋಗಬೇಕಾಯಿತು. ಅಲ್ಲಿ ಕೂತು ರಾಷ್ಟ್ರೀಯ ಪಕ್ಷದ ಬೇಡಿಕೆಗಳನ್ನೂ ಒಂದು ಸಂವಿಧಾನದ ಕರಡನ್ನೂ ಬರೆದರು. ಎರಡು ಸಂಸ್ಥಾನಗಳು ಒಂದಾಗಬೇಕು, ಅದು ಕಮಾನನ್ನು ಹಿಡಿದಿಡುವ ನಡುಗಲ್ಲು, ಅದಿಲ್ಲದೆ ಕಟ್ಟಡವೆಲ್ಲ ಕುಸಿಯುತ್ತದೆ ಎಂಬುದು ಅಲ್ಲಿ ಬರುವ ಮಾತು. ಬಿಟ್ಟಿ ಚಾಕರಿ ರದ್ದಾಗಬೇಕು, ಗುಲಾಮರು ಬಿಡುಗಡೆಯಾಗಬೇಕು ಎಂಬುದೂ ಇದೆ. ಮುಂದಿನ ಹದಿನಾರು ವರ್ಷಗಳಲ್ಲಿ ಆ ಕಾಗದದ ಸಾಲುಗಳು ಒಂದೊಂದಾಗಿ ಕಾನೂನಾಗುವುದನ್ನು ನೋಡಬಹುದು.

ಮೊದಲು ಗುಲಾಮರದು. 1855ರ ಹೊತ್ತಿಗೆ ಮೊಲ್ದಾವಿಯಾದಲ್ಲಿ ಉಳಿದಿದ್ದವರು ಬೊಯಾರರ ಖಾಸಗಿ ಗುಲಾಮರು. ಆ ವರ್ಷ ಒಂದು ಘಟನೆ ಯಾಶ್ ನಗರವನ್ನು ನಡುಗಿಸಿತು. ದಿಂಕಾ ಎಂಬ ಗುಲಾಮ ದೊಡ್ಡ ಬೊಯಾರನೊಬ್ಬನ ರಕ್ತಕ್ಕೇ ಹುಟ್ಟಿದ ಮಗ, ಒಡೆಯರ ಜೊತೆ ಪ್ಯಾರಿಸ್‌ಗೆ ಹೋಗಿಬಂದವನು. ಅಲ್ಲಿಂದ ಬಂದ ಫ್ರೆಂಚ್ ಹುಡುಗಿಯನ್ನು ಮದುವೆಯಾಗಲು ಬಯಸಿದ. ಅವನು ಗುಲಾಮನಾಗಿರುವವರೆಗೆ ಮದುವೆ ಸಾಧ್ಯವಿರಲಿಲ್ಲ. ಒಡತಿ ಬಿಡುಗಡೆ ಕೊಡಲೊಪ್ಪಲಿಲ್ಲ. ದಿಂಕಾ ಹುಡುಗಿಯನ್ನು ಕೊಂದು ತಾನೂ ಸತ್ತ. ದೊರೆ ಗ್ರಿಗೋರೆ ಗಿಕಾ ಕಾನೂನಿನ ಕರಡು ಸಿದ್ಧಪಡಿಸುವ ಹೊಣೆಯನ್ನು ಕೊಗಲ್ನಿಚಾನು ಮತ್ತು ಪೇತ್ರೆ ಮಾವ್ರೊಗೆನಿ ಅವರಿಗೆ ವಹಿಸಿದರು. 1855ರ ಡಿಸೆಂಬರ್ 22ರಂದು ಮೊಲ್ದಾವಿಯಾದಲ್ಲಿ ಗುಲಾಮಗಿರಿ ಪೂರ್ತಿ ರದ್ದಾಯಿತು. ಎರಡು ತಿಂಗಳಲ್ಲಿ ವಲಾಕಿಯಾವೂ ಅದೇ ಹಾದಿ ಹಿಡಿಯಿತು. ಪರಿಹಾರ ಸಿಕ್ಕಿದ್ದು ಒಡೆಯರಿಗೆ. ತಲೆತಲಾಂತರ ದುಡಿದವರಿಗೆ ಏನೂ ಸಿಗಲಿಲ್ಲ.

(ತಾರೀಖುಗಳ ಬಗ್ಗೆ ಒಂದು ಮಾತು. ಆಗ ಅಲ್ಲಿ ಹಳೆಯ ಜೂಲಿಯನ್ ಪಂಚಾಂಗವಿತ್ತು, ನಮ್ಮ ಲೆಕ್ಕಕ್ಕಿಂತ 12 ದಿನ ಹಿಂದೆ. ಒಂದೇ ಘಟನೆಗೆ ಪುಸ್ತಕಗಳಲ್ಲಿ ಎರಡೆರಡು ತಾರೀಖು ಕಾಣುವುದು ಅದಕ್ಕೇ. ಈ ಎರಡು ಸಂಸ್ಥಾನಗಳ ಕಾನೂನು, ಚುನಾವಣೆಗಳಿಗೆ ನಾನು ಹೊಸ ಲೆಕ್ಕದ ತಾರೀಖು ಕೊಡುತ್ತಿದ್ದೇನೆ.)

ಇನ್ನು ಒಕ್ಕೂಟದ ಕತೆ. ಕ್ರಿಮಿಯಾ ಯುದ್ಧದಲ್ಲಿ ರಷ್ಯಾ ಸೋತ ಮೇಲೆ 1856ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಏಳು ರಾಷ್ಟ್ರಗಳು ಈ ಸಂಸ್ಥಾನಗಳ ಗತಿಯನ್ನು ತಾವು ತೀರ್ಮಾನಿಸುವುದಾಗಿ ಹೇಳಿದವು. ಫ್ರಾನ್ಸ್ ಒಕ್ಕೂಟದ ಪರ, ಆಟೊಮನ್ನರೂ ಆಸ್ಟ್ರಿಯಾವೂ ವಿರುದ್ಧ. ಜನರ ಅಭಿಪ್ರಾಯ ಕೇಳೋಣ ಎಂದಾಯಿತು. 1857ರಲ್ಲಿ ಮೊಲ್ದಾವಿಯಾದಲ್ಲಿ ಚುನಾವಣೆ ನಡೆಸಿದ ಹಂಗಾಮಿ ಆಡಳಿತಗಾರ ನಿಕೊಲಾಯೆ ವೊಗೊರಿದೆ ಮತದಾರರ ಪಟ್ಟಿಯನ್ನೇ ತಿದ್ದಿ ಒಕ್ಕೂಟ ವಿರೋಧಿಗಳನ್ನು ಗೆಲ್ಲಿಸಿದ. ಗುಟ್ಟು ರಟ್ಟಾದದ್ದು ಅವನ ಹೆಂಡತಿ ಕೊಕುತ್ಸಾ ಕೊನಾಕಿಯಿಂದ. ಒಕ್ಕೂಟದ ಪರವಾಗಿದ್ದ ಆಕೆ ಗಂಡನ ಗುಪ್ತ ಪತ್ರಗಳನ್ನು ಹೊರಗೆ ದಾಟಿಸಿದಳು, ಅವು ಬ್ರಸೆಲ್ಸ್‌ನಲ್ಲಿ ಅಚ್ಚಾದವು. ಯುರೋಪಿನಲ್ಲಿ ಗದ್ದಲವೆದ್ದು ಚುನಾವಣೆ ರದ್ದಾಯಿತು. ಮರುಚುನಾವಣೆಯಲ್ಲಿ ಒಕ್ಕೂಟದವರು ಗೆದ್ದರು. ಅಕ್ಟೋಬರ್‌ನಲ್ಲಿ ಸಭೆಯ ಮುಂದೆ ಒಕ್ಕೂಟದ ನಿರ್ಣಯ ಮಂಡಿಸಿದವರು ಕೊಗಲ್ನಿಚಾನು.

ಆದರೂ ಆ ಏಳು ರಾಷ್ಟ್ರಗಳು 1858ರಲ್ಲಿ ಕೊಟ್ಟದ್ದು ಅರೆಮನಸ್ಸಿನ ವ್ಯವಸ್ಥೆ. ‘ಸಂಯುಕ್ತ ಸಂಸ್ಥಾನಗಳು’ ಎಂದು ಹೆಸರು, ಆದರೆ ಇಬ್ಬರು ದೊರೆಗಳು, ಎರಡು ಸರ್ಕಾರ, ಎರಡು ಶಾಸನಸಭೆ. ಇಬ್ಬರು ದೊರೆಗಳು ಅಂದಿತ್ತೇ ಹೊರತು ಆ ಇಬ್ಬರೂ ಬೇರೆ ಬೇರೆ ಮನುಷ್ಯರಾಗಿರಬೇಕು ಎಂದು ಒಪ್ಪಂದದಲ್ಲಿ ಬರೆದಿರಲಿಲ್ಲ. 1859ರ ಜನವರಿ 17ರಂದು ಮೊಲ್ದಾವಿಯಾದ ಸಭೆ ಅಲೆಕ್ಸಾಂಡ್ರು ಇಯೋನ್ ಕೂಜಾ ಎಂಬ ಸೇನಾಧಿಕಾರಿಯನ್ನು ಒಮ್ಮತದಿಂದ ಆರಿಸಿತು. ಫೆಬ್ರವರಿ 5ರಂದು, ಬೀದಿಯಲ್ಲಿ ಸಾವಿರಾರು ಜನ ಕಾದು ನಿಂತಿರುವಾಗ, ವಲಾಕಿಯಾದ ಸಭೆಯೂ ಅದೇ ಕೂಜಾರನ್ನು ಆರಿಸಿತು. ಒಂದು ಗುಂಡೂ ಹಾರದೆ, ಒಪ್ಪಂದದ ಒಂದು ಅಕ್ಷರವನ್ನೂ ಮುರಿಯದೆ, ಒಂದು ದೇಶ ಹುಟ್ಟುವ ದಾರಿ ತೆರೆಯಿತು. ಸುಲ್ತಾನನೂ ಆಸ್ಟ್ರಿಯಾವೂ ಮುನಿದರೂ ಕೊನೆಗೆ ಒಪ್ಪಿದವು. 1862ರಲ್ಲಿ ಬುಕಾರೆಸ್ಟ್‌ನಲ್ಲಿ ಒಂದೇ ಸರ್ಕಾರ, ಒಂದೇ ಸಭೆ ಬಂತು.

ಯಾಶ್‌ನಲ್ಲಿ ಕೂಜಾ ಆಯ್ಕೆಯಾದ ದಿನ ಸ್ವಾಗತ ಭಾಷಣ ಮಾಡಿದವರು ಕೊಗಲ್ನಿಚಾನು. ಇಬ್ಬರೂ ಹುಡುಗರಾಗಿದ್ದಾಗ ಒಂದೇ ಮೇಷ್ಟರ ವಸತಿಶಾಲೆಯಲ್ಲಿ ಓದಿದವರು. “ಹೊಸ ಕಾನೂನುಗಳಿಗೆ ಹೊಸ ಮನುಷ್ಯ” ಎಂದರು. ಸರಳವಾಗಿರು, ಒಳ್ಳೆಯವನಾಗಿರು, ಪ್ರಜೆಗಳಲ್ಲೊಬ್ಬನಾದ ದೊರೆಯಾಗಿರು, ಕಿವಿ ಸತ್ಯಕ್ಕೆ ತೆರೆದಿರಲಿ, ಸುಳ್ಳಿಗೂ ಹೊಗಳಿಕೆಗೂ ಮುಚ್ಚಿರಲಿ ಎಂದರು. ದೊರೆಯನ್ನು ಏಕವಚನದಲ್ಲಿ ಕರೆದು ಹೀಗೆ ಹೇಳಿದ ಆ ಮಾತು ಇವತ್ತಿಗೂ ಓದಿದರೆ ಮೈ ನವಿರೇಳುತ್ತದೆ.

1863ರ ಅಕ್ಟೋಬರ್‌ನಲ್ಲಿ ಕೊಗಲ್ನಿಚಾನು ಒಕ್ಕೂಟದ ಪ್ರಧಾನಿಯಾದರು. ಅಲ್ಲಿಂದ 1865ರ ಆರಂಭದವರೆಗಿನ ಒಂದೂಕಾಲು ವರ್ಷದಲ್ಲಿ ನಡೆದಷ್ಟು ಕೆಲಸ ಆ ದೇಶದಲ್ಲಿ ಮುಂದೆ ಅರ್ಧ ಶತಮಾನ ನಡೆಯಲಿಲ್ಲ ಎಂದೇ ನನ್ನ ಅನ್ನಿಸಿಕೆ. ಮೊದಲಿಗೆ ಮಠಗಳ ಭೂಮಿ. ದೇಶದ ಸುಮಾರು ಕಾಲುಭಾಗ ನೆಲ ಮಠಗಳಿಗೆ ಸೇರಿತ್ತು. ಅವುಗಳಲ್ಲಿ ಹಲವು ಮಠಗಳನ್ನು ಹಿಂದಿನ ದೊರೆಗಳು ಏಥೋಸ್ ಬೆಟ್ಟ, ಜೆರುಸಲೇಮ್ ಮುಂತಾದ ಗ್ರೀಕ್ ಪುಣ್ಯಕ್ಷೇತ್ರಗಳಿಗೆ ಅರ್ಪಿಸಿದ್ದರಿಂದ ಅವುಗಳ ಆದಾಯ ದೇಶದಾಚೆಗೆ ಹರಿದುಹೋಗುತ್ತಿತ್ತು. 1863ರ ಡಿಸೆಂಬರ್‌ನಲ್ಲಿ ಮಠಗಳ ಭೂಮಿಯೆಲ್ಲ ಸರ್ಕಾರದ್ದಾಯಿತು. ಪರಿಹಾರ ಕೊಡುತ್ತೇವೆ ಎಂದರೆ ಗ್ರೀಕ್ ಮಠಾಧಿಪತಿಗಳು ಒಪ್ಪಲಿಲ್ಲ.

ಅದು ಬೊಯಾರರಿಗೂ ಹಿತವಾಗಿತ್ತು. ಅವರು ಎದುರು ನಿಂತದ್ದು ಅವರ ಸ್ವಂತ ಭೂಮಿಯ ಮಾತು ಬಂದಾಗ. ರೈತ ಬೊಯಾರನ ಜಮೀನಿನಲ್ಲಿ ತನ್ನ ಪಾಲಿನ ತುಂಡನ್ನು ಉಳುವುದಕ್ಕೆ ಪ್ರತಿಯಾಗಿ ಬಿಟ್ಟಿ ದುಡಿಯಬೇಕಿತ್ತು. 1830ರ ದಶಕದ ಶಾಸನದ ಪ್ರಕಾರ ವರ್ಷಕ್ಕೆ 12 ದಿನ. ಕೇಳಲು ಹಗುರ. ಆದರೆ ಒಂದು ‘ದಿನ’ದಲ್ಲಿ ಮುಗಿಸಬೇಕಾದ ಕೆಲಸವನ್ನು ಮೂರು ದಿನ ಹಿಡಿಯುವಷ್ಟು ನಿಗದಿ ಮಾಡಿದ್ದರು. ಮೇಲೆ ಸಾಗಣೆ, ಸೌದೆ, ಇತರ ಚಾಕರಿ ಬೇರೆ. ಕಾರ್ಲ್ ಮಾರ್ಕ್ಸ್ ತಮ್ಮ ಬಂಡವಾಳ ಗ್ರಂಥದಲ್ಲಿ ಇದನ್ನೇ ಲೆಕ್ಕ ಹಾಕಿ, ಕಾಗದದ 12 ದಿನ ಹೊಲದಲ್ಲಿ 50 ದಿನ ಮೀರುವುದನ್ನು ತೋರಿಸಿದ್ದಾರೆ.

ಬಿಟ್ಟಿಯನ್ನು ರದ್ದು ಮಾಡಿ ಉಳುವವರಿಗೆ ನೆಲ ಕೊಡುವ ಮಸೂದೆಯನ್ನು ಕೊಗಲ್ನಿಚಾನು ತಂದರು. ಜಮೀನುದಾರರೇ ತುಂಬಿದ್ದ ಸಭೆ ಸರ್ಕಾರದ ವಿರುದ್ಧ ಅವಿಶ್ವಾಸ ಸೂಚಿಸಿತು. 1864ರ ಮೇ 14ರಂದು ಪ್ರಧಾನಿ ಸಭೆಯಲ್ಲಿ ಎದ್ದು, ಸಭೆಯನ್ನು ವಿಸರ್ಜಿಸುವ ಕೂಜಾರ ಆಜ್ಞೆಯನ್ನು ಓದಿದರು. ಪ್ರತಿಭಟಿಸಿದ ಸದಸ್ಯರನ್ನು ಸೈನಿಕರು ಹೊರಗಟ್ಟಿದರು. ಆಮೇಲೆ ಜನಮತ: 6.82 ಲಕ್ಷ ಒಪ್ಪಿಗೆ, ವಿರೋಧ ಬರೀ 1,300ರಷ್ಟು. ಇಂಥ ಅಂಕಿ ನೋಡಿದರೆ ಅದು ಮುಕ್ತ ಮತದಾನವಾಗಿರಲಿಲ್ಲ ಎಂಬುದು ಸ್ಪಷ್ಟ. ಸಂಸತ್ತನ್ನು ಬಂದೂಕಿನಿಂದ ಖಾಲಿ ಮಾಡಿಸಿದ್ದು ತಪ್ಪು. ಆ ಸಂಸತ್ತಿನಲ್ಲಿ ದೇಶದ ಬಹುಪಾಲು ಜನರಿಗೆ ದನಿಯೇ ಇರಲಿಲ್ಲ ಎಂಬುದೂ ಸತ್ಯ. ಎರಡನ್ನೂ ಒಟ್ಟಿಗೆ ಹೇಳದೆ ಈ ಘಟನೆಯನ್ನು ಹೇಳಲಾಗದು.

1864ರ ಆಗಸ್ಟ್ 26ರ ಭೂಕಾನೂನಿನಿಂದ 4 ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ನೆಲ ಸಿಕ್ಕಿತು. ಅಳತೆ ನಿಂತದ್ದು ಎತ್ತುಗಳ ಮೇಲೆ: ನಾಲ್ಕು ಎತ್ತಿದ್ದವನಿಗೆ ಹೆಚ್ಚು, ಎರಡಿದ್ದವನಿಗೆ ಅದಕ್ಕಿಂತ ಕಡಿಮೆ, ಬರೀ ಕೈ ದುಡಿಮೆಯವನಿಗೆ ಎಲ್ಲಕ್ಕಿಂತ ಕಡಿಮೆ. ಎಷ್ಟೇ ಜನರಿದ್ದರೂ ಒಡೆಯನ ಜಮೀನಿನ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತೆಗೆಯುವಂತಿಲ್ಲ. ಬಿಟ್ಟಿಯ ಬಿಡುಗಡೆಗೆ ರೈತರು 15 ವರ್ಷ ಕಂತು ಕಟ್ಟಬೇಕು. ಸಿಕ್ಕ ನೆಲವನ್ನು 30 ವರ್ಷ ಮಾರುವಂತಿಲ್ಲ.

ದೋಷವೂ ಈ ಅಂಕಿಗಳಲ್ಲೇ ಅಡಗಿತ್ತು. ತುಂಡುಗಳು ಚಿಕ್ಕವು. ಕಾಡು ಒಡೆಯನದಾಯಿತು, ಮೇವಿನ ಬಯಲಿನಲ್ಲಿ ಬಹುಪಾಲೂ ಅವನದೇ. ದನಕ್ಕೆ ಹುಲ್ಲು ಬೇಕಾದ ರೈತ ಮತ್ತೆ ಒಡೆಯನ ಬಾಗಿಲಿಗೇ ಹೋಗಿ ದುಡಿಮೆಯ ಕರಾರಿಗೆ ಹೆಬ್ಬೆಟ್ಟು ಒತ್ತಬೇಕಾಯಿತು. ಮಕ್ಕಳು ಮೊಮ್ಮಕ್ಕಳಲ್ಲಿ ಹಂಚಿಹೋದ ಮೇಲೆ ಆ ತುಂಡುಗಳು ಹೊಟ್ಟೆ ತುಂಬಿಸದಾದವು. 1907ರಲ್ಲಿ ರೊಮೇನಿಯಾದ ಹಳ್ಳಿಗಳು ದಂಗೆಯೆದ್ದು ಸಾವಿರಾರು ರೈತರು ಸತ್ತಾಗ, ಅದರ ಬೇರು 1864ರ ಅರೆ ಹಂಚಿಕೆಯವರೆಗೆ ಹೋಗುತ್ತದೆ.

ಅದೇ ವರ್ಷ ಪ್ರಾಥಮಿಕ ಶಿಕ್ಷಣ ಉಚಿತ ಮತ್ತು ಕಡ್ಡಾಯವೆಂಬ ಕಾನೂನೂ ಬಂತು. ಅಷ್ಟರಲ್ಲಿ ಕೂಜಾರಿಗೂ ಕೊಗಲ್ನಿಚಾನುವಿಗೂ ಮನಸ್ತಾಪ ಬೆಳೆದು, 1865ರ ಆರಂಭದಲ್ಲಿ ಕೊಗಲ್ನಿಚಾನು ಕೆಳಗಿಳಿದರು. ಮರುವರ್ಷ ವಿರೋಧಿಗಳು ಕೂಜಾರನ್ನೇ ಇಳಿಸಿ, ಜರ್ಮನಿಯ ಹೊಹೆನ್‌ಜೊಲ್ಲೆರ್ನ್ ಮನೆತನದ ಕಾರೊಲ್‌ನನ್ನು ದೊರೆಯಾಗಿ ಕರೆತಂದರು.

ಇಲ್ಲಿಂದ ಮುಂದಿನದು ಬರೆಯಲು ಕಷ್ಟವಾಗುವ ಭಾಗ. 1868ರಿಂದ 1870ರವರೆಗೆ ಕೊಗಲ್ನಿಚಾನು ಗೃಹಮಂತ್ರಿ. ಆ ಅವಧಿಯಲ್ಲಿ ಅವರ ಆಡಳಿತ ಯಹೂದಿಗಳನ್ನು ಹಳ್ಳಿಗಳಿಂದ ಹೊರಹಾಕಿತು. ಯುರೋಪಿನಿಂದ ಪ್ರತಿಭಟನೆ ಬಂದಾಗ ಅವರು ಇದು ನಮ್ಮ ಒಳಗಿನ ವಿಷಯ ಎಂದು ವಾದಿಸಿದರು. 1864ರಲ್ಲಿ ಇವರದೇ ಸರ್ಕಾರ ತಂದ ಸ್ಥಳೀಯಾಡಳಿತ ಕಾನೂನು ಕೆಲವು ವರ್ಗದ ಯಹೂದಿಗಳಿಗೆ ಊರಿನ ಮಟ್ಟದಲ್ಲಿ ಮತದ ಹಕ್ಕು ಕೊಟ್ಟಿತ್ತು. 1866ರ ಸಂವಿಧಾನ ಕ್ರೈಸ್ತರಲ್ಲದ ವಿದೇಶೀಯರಿಗೆ ಪೌರತ್ವದ ಬಾಗಿಲನ್ನೇ ಮುಚ್ಚಿತು. ಅಲ್ಲೇ ಹುಟ್ಟಿ ಬೆಳೆದ ಯಹೂದಿಗಳೂ ವಿದೇಶೀಯರ ಲೆಕ್ಕಕ್ಕೆ ಸೇರಿದರು. ಆ ಗಾಳಿಯಲ್ಲಿ ಕೊಗಲ್ನಿಚಾನುವೂ ತೇಲಿದರು. ಸರಪಳಿಯಲ್ಲಿದ್ದ ರೋಮಾ ಮನುಷ್ಯನನ್ನು ಕಂಡ ಕಣ್ಣಿಗೆ ಗಂಟುಮೂಟೆ ಹೊತ್ತ ಯಹೂದಿ ಕುಟುಂಬ ಯಾಕೆ ಕಾಣಲಿಲ್ಲ? ಸಮಜಾಯಿಷಿ ಹುಡುಕುವವರು ಆ ಕಾಲವೇ ಹಾಗಿತ್ತು ಎನ್ನುತ್ತಾರೆ. ಗುಲಾಮಗಿರಿಯ ವಿಷಯದಲ್ಲೂ ಕಾಲ ಹಾಗೆಯೇ ಇತ್ತು, ಅಲ್ಲಿ ಅವರು ಕಾಲವನ್ನು ಮೀರಿದ್ದರು.

1877ರಲ್ಲಿ ರಷ್ಯಾ ಮತ್ತು ಆಟೊಮನ್ನರ ನಡುವೆ ಯುದ್ಧ. ಆಗ ಕೊಗಲ್ನಿಚಾನು ವಿದೇಶಾಂಗ ಮಂತ್ರಿ. ರಷ್ಯಾದ ಸೇನೆ ದೇಶದ ಮೂಲಕ ಹಾದುಹೋಗಲು ಒಪ್ಪಂದವಾಯಿತು. ಮೇ 21ರಂದು ಸಂಸತ್ತಿನಲ್ಲಿ ಅವರು ಹೇಳಿದರು: “ನಾವು ಸ್ವತಂತ್ರರು, ನಾವು ಸ್ವಂತ ಕಾಲ ಮೇಲೆ ನಿಂತ ರಾಷ್ಟ್ರ.” ಮಾತನ್ನು ಉಳಿಸಿಕೊಳ್ಳಲು ರೊಮೇನಿಯಾದ ಸೈನಿಕರು ಪ್ಲೆವ್ನಾದಲ್ಲಿ ರಕ್ತ ಚೆಲ್ಲಿದರು. ಆದರೆ 1878ರ ಬರ್ಲಿನ್ ಸಮ್ಮೇಳನದಲ್ಲಿ ಕೊಗಲ್ನಿಚಾನು ಮತ್ತು ಪ್ರಧಾನಿ ಇಯೋನ್ ಬ್ರತಿಯಾನು ಒಳಗೆ ಹೋಗಿ ಅಹವಾಲು ಹೇಳಿ ಹೊರಬರಬೇಕಾಯಿತು, ಚರ್ಚೆಯಲ್ಲಿ ಪಾಲಿಲ್ಲ, ಮತವಿಲ್ಲ. ಸ್ವಾತಂತ್ರ್ಯಕ್ಕೆ ಮನ್ನಣೆ ಸಿಕ್ಕಿತು. ರೊಮೇನಿಯಾದ ಕೈಯಲ್ಲಿದ್ದ ದಕ್ಷಿಣ ಬೆಸ್ಸರಾಬಿಯಾ ಸೀಮೆಯನ್ನು ಜೊತೆಗೆ ಕಾದಿದ ರಷ್ಯಾವೇ ಕಿತ್ತುಕೊಂಡಿತು. ಬದಲಿಗೆ ಬಂದದ್ದು ಕಪ್ಪು ಸಮುದ್ರದ ದಡದ ಉತ್ತರ ದೊಬ್ರೊಜಾ ಮತ್ತು ಡ್ಯಾನ್ಯೂಬ್ ನದೀಮುಖ. ಪೌರಹಕ್ಕಿಗೆ ಮತಭೇದ ಅಡ್ಡಬರಬಾರದು ಎಂಬ ಷರತ್ತೂ ಇತ್ತು, ಅದನ್ನು ರೊಮೇನಿಯಾ ಮರುವರ್ಷ ಅರೆಬರೆಯಾಗಿ ಮಾತ್ರ ಪಾಲಿಸಿತು.

ದೊಬ್ರೊಜಾವನ್ನು ಬೇಡವೆಂದವರೇ ಬಹಳ ಮಂದಿ ಇದ್ದರು. ಅದು ತುರ್ಕರು, ತಾತಾರರು, ಬಲ್ಗೇರಿಯನ್ನರು, ರೊಮೇನಿಯನ್ನರು ಕಲೆತು ಬಾಳುತ್ತಿದ್ದ ಸೀಮೆ. ಕೊಗಲ್ನಿಚಾನು ಅದರ ಬೆಲೆ ಅರಿತರು: ದೇಶಕ್ಕೆ ಸಮುದ್ರ ಸಿಕ್ಕಿತ್ತು. ಆ ಸೀಮೆಯ ಆಡಳಿತ ಕಟ್ಟಿದವರಲ್ಲಿ ಅವರೂ ಒಬ್ಬರು. ಇವತ್ತು ಕೊನ್‌ಸ್ತಾಂತ್ಸಾ ಬಂದರಿನ ಬಳಿಯ ವಿಮಾನನಿಲ್ದಾಣಕ್ಕೂ ನೇಟೊ ಸೇನೆಗಳು ಬಳಸುವ ಪಕ್ಕದ ನೆಲೆಗೂ ಅವರದೇ ಹೆಸರು. ಯುದ್ಧದ ಸುದ್ದಿಗಳಲ್ಲಿ ಆ ಹೆಸರು ಓದುವ ಬಹುತೇಕರಿಗೆ ಅದೊಬ್ಬ ಲೇಖಕನ ಹೆಸರೆಂದು ಗೊತ್ತಿರುವುದಿಲ್ಲ.

ಕೊನೆಯ ವರ್ಷಗಳಲ್ಲಿ ಅವರು ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಸರಪಳಿಗಳ ನೆನಪು ಹೇಳಿದ ಭಾಷಣ ಮಾಡಿ ಮೂರು ತಿಂಗಳಿಗೆ, 1891ರ ಬೇಸಿಗೆಯಲ್ಲಿ, ಪ್ಯಾರಿಸ್‌ನಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ತೀರಿಕೊಂಡರು. ದೇಹವನ್ನು ಯಾಶ್‌ಗೆ ತಂದು ಮಣ್ಣು ಮಾಡಿದರು, ಆ ಸರಪಳಿಗಳನ್ನು ಕಂಡ ಊರಿಗೇ. ಬಿಡುಗಡೆಯ ನೆನಪಿಗೆಂದು ಫೆಬ್ರವರಿ 20ನ್ನು, ಅಂದರೆ 1856ರಲ್ಲಿ ವಲಾಕಿಯಾದ ಗುಲಾಮರು ಬಿಡುಗಡೆಯಾದ ದಿನವನ್ನು, ರೊಮೇನಿಯಾದ ಸಂಸತ್ತು ಕಾನೂನಿನ ಮೂಲಕ ಸ್ಮರಣೆಯ ದಿನವೆಂದು ಸಾರಿದ್ದು 2011ರಲ್ಲಿ, ಅವರ ಭಾಷಣವಾಗಿ 120 ವರ್ಷಗಳಾದ ಮೇಲೆ.